ಗೆಜ್ಜೆ ಬಿಚ್ಚಿದ ಬೆಳಗು

ಬೆಳಗಿನ ಜಾವ ಮೂರೂವರೆಗೆ ಮಗಳನ್ನು ಎಬ್ಬಿಸಿ ಒಂದು ಲೋಟ ಎಮ್ಮೆ ಹಾಲು ಕುಡಿಸಿದೆ. ಹತ್ತು ಗಂಟೆಗೆ ಬಳ್ಳಾರಿಯಲ್ಲಿ ಅವಳ ಮೆದುಳಿನ ಎಂಆರ್‌ಐ ಇತ್ತು. ಹಾಲು, ಅನ್ನ ಕೊಟ್ಟು ಆರು ಗಂಟೆಯಾದರೂ ಆಗಿರಬೇಕು, ಬರೀ ನೀರನ್ನು ಎರಡು ಗಂಟೆ ಮೊದಲಿನವರೆಗೂ ಕೊಡಬಹುದು ಎಂದು ಅರಿವಳಿಕೆ ವೈದ್ಯೆ ಹೇಳಿದ್ದರು. ಸ್ಕ್ಯಾನಿಗೆ ಮಲಗಿಸುವ ಔಷಧಿಯ ಮಂಪರಿನಲ್ಲಿ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಇದನ್ನು ಬಿಡಿಸಿ ಹೇಳಿದ ಮೇಲೆ ಅತ್ತೆಯವರು ಮಂಡಕ್ಕಿ ಒಗ್ಗರಣೆಯ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಬಂದರು.

ಸ್ಕ್ಯಾನಿನ ಹೊತ್ತಿಗೆ ಚೆನ್ನಾಗಿ ನಿದ್ದೆ ಹತ್ತಬೇಕಲ್ಲ, ಅದಕ್ಕೇ ಸಿರುಗುಪ್ಪದಿಂದ ಬಳ್ಳಾರಿಯವರೆಗೂ ಅವಳು ಬಸ್ಸಿನಲ್ಲಿ ನಿದ್ದೆ ಮಾಡಬಾರದಿತ್ತು. ತೆಕ್ಕಲಕೋಟೆ ದಾಟುವಾಗ ಕಣ್ಣು ಮುಚ್ಚತೊಡಗಿದಳು. ಭತ್ತದ ಗದ್ದೆಯ ಬೆಳ್ಳಕ್ಕಿಗಳನ್ನು ಎಣಿಸುತ್ತ ಎಚ್ಚರವಾಗಿಟ್ಟೆ.

ಹದಿನೈದು ದಿನ ಮೊದಲು ಬೇರೊಂದು ಕಡೆ ಇದೇ ಸ್ಕ್ಯಾನಿಗೆ ಹೋಗಿದ್ದೆವು. ಜ್ವರವಿಲ್ಲದೆ ಎರಡು ಸಲ ಫಿಟ್ಸ್ ಬಂದಿತ್ತು. ಸೂಜಿ ಹಾಕಲು ಮೂವರು ಅದುಮಿ ಹಿಡಿದರು, ನಾಲ್ಕು ಕಡೆ ಚುಚ್ಚಿದರು, ನರ ಸಿಗಲಿಲ್ಲ. ಅತ್ತು ಅತ್ತು ಅವಳ ಧ್ವನಿ ಬಿದ್ದುಹೋಯಿತು. ಸ್ಕ್ಯಾನ್ ಆಗದೆ ಮರಳಿದೆವು. ಅಂದಿನಿಂದ, ಹಾಲು ಹಾಕುವ ತಾತ ಬಿಳಿ ಅಂಗಿ ತೊಟ್ಟು ಬಂದರೂ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸುತ್ತಿದ್ದಳು. ಎರಡೂವರೆ ವರ್ಷದ ಮಗು ಅದು!

ಈ ಸಲದ ವೈದ್ಯೆ ಮೊದಲು ತೂಕ ನೋಡಿದರು, ಹನ್ನೊಂದು ಕಿಲೋ. ನಿದ್ದೆ ಬರಿಸುವ ಔಷಧಿಯ ಹೆಸರು ಡೆಕ್ಸ್‌ಮೆಡಿಟೊಮಿಡಿನ್. ಕಿಲೋಗೆ 3 ಮೈಕ್ರೋಗ್ರಾಂ ಲೆಕ್ಕ ಹಾಕಿದರೆ ಮಿಲಿಲೀಟರಿನ ಮೂರನೇ ಒಂದು ಪಾಲು, ಅಷ್ಟೇ. ಪುಟ್ಟ ಸಿರಿಂಜು, ಅದರ ತುದಿಗೆ ಸೂಜಿಯ ಬದಲು ಬೆಂಡಿನಂಥ ಮೆತ್ತನೆಯ ಬಿಳಿ ಮೊನೆ. ಅದನ್ನು ಒಂದೊಂದು ಹೊಳ್ಳೆಗೂ ಒತ್ತಿ ಹಿಡಿದು ಅರ್ಧರ್ಧ ಸಿಂಪಡಿಸಿದರು. ಹನಿಯಲ್ಲ, ಮಂಜು. ಮಗಳು ಮೂಗುಜ್ಜಿಕೊಂಡು ನನ್ನನ್ನೊಮ್ಮೆ ನೋಡಿದಳು, ಅಳಲಿಲ್ಲ.

"ದೀಪ ಆರಿಸಿ, ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂತಿರಿ ಅಮ್ಮಾ, ಅರ್ಧ ಗಂಟೆಯಾದರೂ ಬೇಕು" ಎಂದರು. ನಿದ್ದೆ ಸಾಲದಿದ್ದರೆ ಸೂಜಿಯೇ ಗತಿ ಎಂಬುದನ್ನೂ ಮುಚ್ಚಿಡಲಿಲ್ಲ. ನನಗೆ ಧೈರ್ಯ ಬಂದದ್ದು ಆ ಮಾತಿನಿಂದಲೇ. ಸ್ಕ್ಯಾನಿಗೆ ಮಕ್ಕಳನ್ನು ಕರೆದೊಯ್ಯುವ ಪ್ರತಿಯೊಬ್ಬರೂ ಸೂಜಿಯಿಲ್ಲದೆ ಆಗುವುದೇ ಎಂದು ಕೇಳಲೇಬೇಕು. ಮೊದಲ ಸಲ ನಾನು ಕೇಳಲಿಲ್ಲ, ಕೇಳಬಹುದೆಂದೇ ಗೊತ್ತಿರಲಿಲ್ಲ.

ಅತ್ತೆಯವರು ಜೋಗುಳ ಗುನುಗುತ್ತ ಗೆಜ್ಜೆ ಬಿಚ್ಚಿದರು. ಉಡಿದಾರ ಬಿಚ್ಚುವಾಗ ಮಾತ್ರ ಕೈ ತಡೆಯಿತು. ಹುಟ್ಟಿದಂದಿನಿಂದ ಅದು ಸೊಂಟದಿಂದ ಇಳಿದಿರಲಿಲ್ಲ. ಅಯಸ್ಕಾಂತದ ಕೋಣೆಗೆ ಯಾವ ಲೋಹವೂ ಬೇಡವೆಂದು ಸಿಸ್ಟರ್ ಹೇಳಿದ ಮೇಲೆ, ದೇವರಿಗೆ ಕೈಮುಗಿದು ಬಿಚ್ಚಿದರು. ಇಪ್ಪತ್ತೈದು ನಿಮಿಷಕ್ಕೆ ಮಗುವಿನ ತಲೆ ನನ್ನ ತೋಳಿನ ಮೇಲೆ ಭಾರವಾಯಿತು. ಜ್ವರ ಇಳಿದ ರಾತ್ರಿ ಮಲಗುತ್ತಾಳಲ್ಲ, ಅಂಥದೇ ನಿದ್ದೆ.

ಯಂತ್ರದ ಸದ್ದಿಗೆ ಎಚ್ಚರವಾಗದಿರಲೆಂದು ಕಿವಿಗೆ ಹತ್ತಿ ಇಟ್ಟು, ಮೇಲೆ ಕಿವಿಗವಸು ಹಾಕಿದರು. ಕಾಲ್ಬೆರಳಿನ ಮೇಲೆ ಆಮ್ಲಜನಕ ಅಳೆಯುವ ಕ್ಲಿಪ್ಪಿನ ಕೆಂಪು ಬೆಳಕು. ಈ ಔಷಧಿ ಉಸಿರಾಟವನ್ನು ಅಷ್ಟಾಗಿ ಕುಗ್ಗಿಸುವುದಿಲ್ಲ, ಆದರೆ ನಾಡಿಬಡಿತ ತಗ್ಗಬಹುದು. ಅದಕ್ಕೇ ವೈದ್ಯೆ ಕೊನೆಯವರೆಗೂ ಕದಲಲಿಲ್ಲ. ಸ್ಕ್ಯಾನ್ ಮುಗಿಯಲು ಅರ್ಧ ಗಂಟೆ ಹಿಡಿಯಿತು.

ಎದ್ದಾಗ ತೂರಾಡುತ್ತಿದ್ದಳು. ನೀರು ಕುಡಿದು ವಾಂತಿಯಾಗಲಿಲ್ಲ ಎಂದು ಖಾತ್ರಿಯಾಗುವವರೆಗೆ ಬಿಡಲಿಲ್ಲ. ಬಿಳಿ ಕೋಟು ತೊಟ್ಟ ವೈದ್ಯೆಯೇ ಕಾಗದದಲ್ಲಿ ಸುತ್ತಿದ್ದ ಗೆಜ್ಜೆ ತಂದರು. ಮಗಳು ಕಾಲು ಮುಂದೆ ಚಾಚಿದಳು. ಒಂದು ಕೈ ಮಾತ್ರ ಇನ್ನೂ ಬೆನ್ನ ಹಿಂದೆಯೇ ಇತ್ತು.