ಹೂ ಬೇಡ, ಗಿಡ ಕಳ್ಸಿ

ಜುಲೈ 10, 2025, ಗುರುವಾರ
ಮೈಸೂರು, ರಾತ್ರಿ ಹತ್ತೂವರೆ

"ನಿಂಗೆ ಬುದ್ಧಿ ಇದ್ಯೇನೆ? ಒಂದು ತಿಂಗಳು ಮಣ್ಣು ಮುಟ್ಟಬೇಡಿ, ಧೂಳಿಗೆ ಹೋಗಬೇಡಿ, ಬಗ್ಗಬೇಡಿ ಅಂದಿದ್ದಾರೆ ಡಾಕ್ಟ್ರು. ನೀನು ನೋಡಿದ್ರೆ ಕುಂಡದ ತುಂಬಾ ಮಣ್ಣೇ ಕಳಿಸಿದ್ದೀಯ!"

ಸಂಜೆ ಆರೂವರೆಗೆ ಅತ್ತೆಯ ಫೋನು. ಹಲೋ ಗಿಲೋ ಏನೂ ಇಲ್ಲ, ಬೈಗುಳದಿಂದಲೇ ಶುರು. ನನಗೆ ಎಷ್ಟು ಖುಷಿಯಾಯಿತು ಅಂದರೆ ಒಲೆ ಮೇಲೆ ಒಗ್ಗರಣೆ ಸೀದು ಹೋಗಿದ್ದೂ ಗೊತ್ತಾಗಲಿಲ್ಲ. ಡಿಸೆಂಬರ್ ಆದಮೇಲೆ ಅತ್ತೆ ನನ್ನನ್ನು ಬೈದೇ ಇರಲಿಲ್ಲ. ಫೋನ್ ಮಾಡಿದರೆ "ಹೂಂ ಕಣಮ್ಮ, ಆರಾಮಾಗಿದ್ದೀನಿ, ಇಡ್ಲಾ" ಅಷ್ಟೇ. ಆ 'ಕಣಮ್ಮ' ಕೇಳಿದರೇ ನನಗೆ ಭಯ. ಅತ್ತೆಗೆ ನಾನು ಯಾವತ್ತೂ ಅಮ್ಮ ಅಲ್ಲ. ಏನೇ, ಬಾರೇ, ಹೋಗೇ.

ಹೋದ ಶುಕ್ರವಾರ ಅವರ ಬಲಗಣ್ಣಿನ ಪೊರೆ ತೆಗೆದರು. ನಾನು ಹೋಗಬೇಕಿತ್ತು. ಮಂಡ್ಯ ಏನು ಮಹಾ ದೂರ, ನಲವತ್ತೈದು ಕಿಲೋಮೀಟರ್. ಆದರೆ ಮಗನಿಗೆ ಮದ್ರಾಸ್ ಐ. ಸೋಮವಾರ ಏಳುವಾಗ ನನ್ನ ಎಡಗಣ್ಣಿನ ರೆಪ್ಪೆಯೂ ಅಂಟಿಕೊಂಡಿತ್ತು. ಆಪರೇಷನ್ ಆದ ಕಣ್ಣಿನ ಮುಂದೆ ಈ ಕೆಂಗಣ್ಣು ತಗೊಂಡು ಹೋಗೋದುಂಟಾ? ಅದಕ್ಕೇ ಹೂವಾದರೂ ಕಳಿಸೋಣ ಅನ್ನಿಸಿತು.

ಆ್ಯಪಿನ ಸಹವಾಸ ಮಾತ್ರ ಬೇಡ. ಅತ್ತೆ ಮಾವನ ಮದುವೆಗೆ ಐವತ್ತು ತುಂಬಿದಾಗ ಒಂದು ಆ್ಯಪಿನಲ್ಲಿ ಗುಲಾಬಿ ಬೊಕೆ ಹೇಳಿದ್ದೆ. ಸಾವಿರದ ಇನ್ನೂರು. ಫೋಟೋದಲ್ಲಿ ಕೆಂಪು ಗುಲಾಬಿ. ಬಂದಿದ್ದು ರಾತ್ರಿ ಒಂಬತ್ತೂವರೆಗೆ, ಕತ್ತು ಬಿದ್ದ ಜರ್ಬೆರಾ. ನೆಟ್ಟಗೆ ನಿಲ್ಲಲಿ ಅಂತ ಕಾಂಡಕ್ಕೆ ಎಳನೀರಿನ ಸ್ಟ್ರಾ ತೊಡಿಸಿದ್ದರು. ಕಾರ್ಡಿನಲ್ಲಿ ಇನ್ಯಾರದ್ದೋ ಹೆಸರು. ಮಾವ ಬಿದ್ದೂ ಬಿದ್ದೂ ನಕ್ಕಿದ್ದರು. "ವಿಳಾಸ ತಪ್ಪಿದ ತಂತಿ ಕಣೇ ಇದು. ಯಾರದ್ದೋ ನಮಗೆ ಬಂತು, ನಮ್ಮದು ಯಾರ ಮನೆಗೆ ಹೋಯ್ತೋ!" ತಂತಿ ಆಫೀಸಿನಲ್ಲಿ ಸರ್ವಿಸ್ ಮುಗಿಸಿದವರು, ಅವರಿಗೆ ಎಲ್ಲವೂ ತಂತಿಯೇ.

ಮೊನ್ನೆ ಫೋನಿನಲ್ಲಿ ಒಂದು ಓದಿದೆ. ಊರಿಂದ ಊರಿಗೆ ಹೂವು ಕಳಿಸೋ ಈ ಏರ್ಪಾಡು ಹುಟ್ಟಿದ್ದೇ ತಂತಿಯಿಂದವಂತೆ. 1910ರಲ್ಲಿ ಅಮೆರಿಕದ ಒಂದಷ್ಟು ಹೂವಿನ ಅಂಗಡಿಯವರು ಒಟ್ಟು ಸೇರಿದರು. ಈ ಊರಿನವನು ದುಡ್ಡು ತಗೊಂಡು ಆ ಊರಿನವನಿಗೆ ತಂತಿ ಹೊಡೀಬೇಕು, ಅವನು ತನ್ನ ಅಂಗಡಿಯ ಹೂವನ್ನೇ ಮನೆಗೆ ಮುಟ್ಟಿಸಬೇಕು. ಹೂವು ಊರು ಬಿಟ್ಟು ಕದಲೋದೇ ಇಲ್ಲ. ಮಾವನಿಗೆ ಹೇಳಬೇಕಿತ್ತು. 2013ರ ಜುಲೈನಲ್ಲಿ ನಮ್ಮಲ್ಲಿ ತಂತಿ ನಿಲ್ಲಿಸಿದ ದಿನ ಅವರು ಊಟ ಬಿಟ್ಟು ಟೀವಿ ಮುಂದೆ ಕೂತಿದ್ದರು.

ಇರಲಿ. ಮಂಡ್ಯದ ತಂಗಿ ಒಂದು ನಂಬರ್ ಕೊಟ್ಟಿದ್ದಳು. 'ಹೂ ಪೇಟೆಬೀದಿ' ಅಂತ ಸೇವ್ ಮಾಡಿಕೊಂಡಿದ್ದೆ. ಮಂಗಳವಾರ ಮಧ್ಯಾಹ್ನ ಮಾಡಿದೆ. ಬಿಡುವಿದೆಯಾ ಅಂದರೆ, "ಆಸಾಡ ಅಲ್ವಾ ಮೇಡಂ, ಮದ್ವೆ ಇಲ್ಲ ಮುಂಜಿ ಇಲ್ಲ, ಸುಕ್ರವಾರ ಒಂದು ಬುಟ್ರೆ ನೊಣ ಹೊಡ್ಯೋದೆಯ. ಮಾತಾಡಿ" ಅಂದ. ಆ್ಯಪಿನ ಕಥೆ ಹೇಳಿದೆ. ನಕ್ಕ.

"ಆ ಆರ್ಡರು ಕೊನೆಗೆ ಬರೋದು ನಮ್ಮಂಥೋರ ತಾವೇ ಕಣ್ ಮೇಡಂ. ನೀವು ಸಾವ್ರ ಕೊಟ್ರೆ ನಮ್ಗೆ ಆರ್ನೂರು ಅಂತಾರೆ. ಆರ್ನೂರಕ್ಕೆ ಅಂಗ್ಡೀಲಿ ಏನದೆ ಅದ ಕಟ್ಟೋದು. ಫೋಟೋ ಹಾಕೋರು ಅವ್ರು, ಬೈಸ್ಕೊಳ್ಳೋರು ನಾವು."

ಆಮೇಲೆ ಕೇಳಿದ.

"ಸರಿ, ಹೂವ ಮುಡ್ಯಾಕಾ, ದೇವ್ರಿಗಾ?"

ಹೂವಿನವರು ಯಾವಾಗಲೂ ಕೇಳೋ ಮಾತೇ. ದೇವರಾಜ ಮಾರ್ಕೆಟ್ಟಿನಲ್ಲಿ ಸಾವಿರ ಸಲ ಕೇಳಿಸಿಕೊಂಡಿದ್ದೀನಿ. ಮುಡಿಯೋಕೆ ಅಂದರೆ ಒತ್ತಾಗಿ ಕಟ್ಟಿದ ಮೊಳ, ದೇವರಿಗೆ ಅಂದರೆ ಮಾರು, ಜೊತೆಗೆ ಒಂದಿಷ್ಟು ಬಿಡಿ ಹೂವು, ತುಳಸಿ. ಎರಡರಲ್ಲಿ ಒಂದು ಹೇಳಿದರೆ ಮುಗೀತು. ಮೊನ್ನೆ ನನ್ನ ಬಾಯಿಂದ ಎರಡೂ ಹೊರಡಲಿಲ್ಲ.

"ಸುಮ್ನೆ... ನೋಡೋಕೆ" ಅಂದೆ.

"ನೋಡಾಕೆ ಅಂದ್ರೆ?"

ಅತ್ತೆಗೆ ಕಣ್ಣಿನ ಆಪರೇಷನ್ ಆಗಿದೆ, ಅಶೋಕನಗರ, ಹಿಂಗಿಂಗೆ ಮನೆ ಅಂತ ಬಿಡಿಸಿ ಹೇಳಿದೆ. ಆ ಕಡೆಯಿಂದ ಮಾತಿಲ್ಲ. ಯಾರೋ ಗಿರಾಕಿ ಬಂದರೇನೋ ಅಂದುಕೊಂಡೆ. ಆಮೇಲೆ ದನಿ ಇಳಿಸಿ, "ತಂತಿ ಆಫೀಸ್ ಸಾಹೇಬ್ರ ಮನೇವ್ರಾ?" ಅಂದ. ಅಷ್ಟು ಹೊತ್ತು ಮೇಡಂ ಆಗಿದ್ದವಳು ಅಲ್ಲಿಂದ ಅಕ್ಕ ಆದೆ.

"ಅವ್ರು ಈಗ ನಮ್ಮಂಗ್ಡಿ ಮುಂದೆ ಬರಾಕಿಲ್ಲ ಕಣಕ್ಕ. ಮೊದ್ಲು ಸುಕ್ರವಾರ ಬಂದ್ರೆ ಒಂದು ಮೊಳಕ್ಕೆ ಹತ್ತು ನಿಮ್ಸ ಚೌಕಾಸಿ. ನನ್ ಮೊಳ ಗಿಡ್ಡ ಅಂತ ಅವ್ರ ಕೈಯಾಗೇ ಅಳ್ಕೊಳ್ಳೋರು. ಈಗ ಆ ಕಡೆ ಫುಟ್‌ಪಾತ್‌ನಾಗೆ ಹೋಯ್ತಾರೆ. ಆಸ್ಪತ್ರೆ ಕಡೆ ಹೋಗ್ಬೇಕಾದ್ರೂ ರೋಡ್ ದಾಟಿ ಆ ಕಡೆಯಿಂದ್ಲೇ. ನಾನೂ ಕರ್ಯಾಕೆ ಹೋಗ್ನಿಲ್ಲ. ಏನಂತ ಕರೀಲಿ?"

ನನಗೆ ಇದು ಗೊತ್ತಿರಲಿಲ್ಲ. ಹೇಗೆ ಗೊತ್ತಾಗಬೇಕು, ನಾನು ಹೋದಾಗೆಲ್ಲ ಆಟೋ ಹಿಡಿದು ಸೀದಾ ಮನೆ ಬಾಗಿಲಿಗೆ ಇಳಿಯೋಳು.

ಒಂದು ವಿಷಯ ಬರೆದುಬಿಡ್ತೀನಿ. ಯಾರಿಗೂ ಹೇಳಿಲ್ಲ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದಲ್ಲಿ ಚಿಕ್ಕಪ್ಪನ ಮನೆ ಗೃಹಪ್ರವೇಶ. ಹೂವು ಕುಂಕುಮದ ತಟ್ಟೆ ನನ್ನ ಕೈಲಿತ್ತು. ಸಾಲಾಗಿ ಕೂತವರಿಗೆ ಕೊಟ್ಟುಕೊಂಡು ಬರ್ತಾ ಇದ್ದೆ. ಅತ್ತೆಯ ಹತ್ತಿರ ಬಂದಾಗ ನನ್ನ ಕೈ ತಾನಾಗೇ ಪಕ್ಕದವರ ಕಡೆ ಹೋಯಿತು. ನಾನು ಯೋಚನೆ ಮಾಡಿ ಮಾಡಿದ್ದಲ್ಲ. ಯೋಚನೆ ಮಾಡಿದ್ದರೆ ಕೊಡ್ತಿದ್ದೆ ಅಂತ ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೀನಿ. ಅತ್ತೆ ಆ ಹೊತ್ತಿಗೆ ಸರಿಯಾಗಿ ಬ್ಯಾಗಿನಲ್ಲಿ ಏನೋ ಹುಡುಕ್ತಾ ಇದ್ದರು. ಜಿಪ್ ತೆಗೆಯೋದು, ಹಾಕೋದು. ನಾನು ಮೂರು ಜನ ದಾಟಿ ಮುಂದೆ ಹೋದಮೇಲೂ ಆ ಜಿಪ್ಪಿನ ಸದ್ದು ಕೇಳ್ತಾನೇ ಇತ್ತು.

ಹೂವಿನಣ್ಣನಿಗೆ ಇದನ್ನು ಹೇಳಲಿಲ್ಲ. "ಹಾಗಾದ್ರೆ ಬೊಕೆ ಕಟ್ಟಿಕೊಡಿ, ಗುಲಾಬಿ, ಗಿಲಾಬಿ" ಅಂದೆ.

"ಬೊಕೆ ಎರಡು ದಿನಕ್ಕೆ ಬಾಡ್ತದೆ. ಆಮ್ಯಾಕೆ ಅದನ್ನ ಕಸಕ್ಕೆ ಎಸ್ಯೋ ಕೆಲ್ಸಾನೂ ಅವ್ರೇ ಮಾಡ್ಬೇಕು. ಕಟ್ಟಿದ ಹೂ ಕಳ್ಸಿದ್ರೆ ಅಕ್ಕಪಕ್ಕದೋರು ನೋಡ್ತಾರೆ. ಹೂ ಬ್ಯಾಡ, ಗಿಡ ಕಳ್ಸಿ ಅಕ್ಕ. ಮಲ್ಗೆ ಗಿಡ. ಗಿಡುಕ್ಕೆ ಯಾರೂ ಏನೂ ಅನ್ನಾಕಾಗಕಿಲ್ಲ."

ಅವನ ಅಂಗಡಿಯಲ್ಲಿ ಗಿಡ ಇಲ್ಲ. ಭಾವಮೈದ ನರ್ಸರಿ ಇಟ್ಟಿದ್ದಾನಂತೆ. ಗಿಡಕ್ಕೆ ನೂರಿಪ್ಪತ್ತು, ಮಣ್ಣಿನ ಕುಂಡಕ್ಕೆ ನೂರೆಂಬತ್ತು, ತಂದುಕೊಡೋಕೆ ಹುಡುಗನ ಪೆಟ್ರೋಲು ಐವತ್ತು. "ನಿಮ್ಮದು?" ಅಂದೆ. "ನಂದೇನಿಲ್ಲ ಬುಡಿ, ಹತ್ರತ್ರ ಇಪ್ಪತ್ವರ್ಸದ ಗಿರಾಕಿ" ಅಂದ. ಆಮೇಲೆ ಗಿಡದ ಪಾಠ ಶುರು. ಪ್ಲಾಸ್ಟಿಕ್ ಕುಂಡ ಬೇಡ, ಮಣ್ಣಿಂದಾದರೆ ಬೇರಿಗೆ ಗಾಳಿಯಾಡುತ್ತೆ. ನರ್ಸರಿ ಗಿಡ ಬರೋದು ತೆಂಗಿನ ನಾರಿನ ಪುಡಿಯಲ್ಲಿ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಒದ್ದೆ ಇರುತ್ತೆ, ಜನ ಅದು ಗೊತ್ತಿಲ್ಲದೆ ನೀರು ಸುರಿದು ಸುರಿದು ಬೇರು ಕೊಳೆಸಿ ಸಾಯಿಸ್ತಾರೆ. ಅದಕ್ಕೇ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ಬೆರೆಸಿ ಹಾಕಿಸ್ತೀನಿ. ಬಿಸಿಲು ಅರ್ಧ ದಿನವಾದರೂ ಬೀಳಬೇಕು, ಇಲ್ಲದಿದ್ದರೆ ಬರೀ ಎಲೆ. ಈಗ ಮಲ್ಲಿಗೆ ಕಾಲ ಮುಗೀತಾ ಬಂತು, ಚಳಿಗಾಲದಲ್ಲಿ ಒಂದು ಸಲ ಸವರಿ ಬಿಟ್ಟರೆ ಬೇಸಿಗೆಗೆ ಮೊಗ್ಗು. ಮಧ್ಯದಲ್ಲಿ ಕಟ್ಟೆ ವಿಷಯಕ್ಕೂ ಹೋದ. ಈ ಸಲ ಜೂನ್‌ನಲ್ಲೇ ಕನ್ನಂಬಾಡಿ ತುಂಬಿ ಬಾಗಿನ ಬಿಟ್ಟಿದ್ದಾರೆ, ಯಾವತ್ತೂ ಹಿಂಗಾಗಿರಲಿಲ್ಲ, ನೀರಿಗೇನು ತೊಂದ್ರೆ ಇಲ್ಲ ಅಂತ. ಒಂದು ಕುಂಡಕ್ಕೆ ಕನ್ನಂಬಾಡಿ ತುಂಬಿದ್ದು ಯಾಕೆ ಬೇಕೋ.

ಇಷ್ಟೆಲ್ಲ ಮಾತಾಡಿದ ನಮ್ಮಿಬ್ಬರಿಗೂ ಆಪರೇಷನ್ ಆದ ಕಣ್ಣಿಗೆ ಮಣ್ಣು ಆಗಲ್ಲ ಅನ್ನೋದು ಮಾತ್ರ ಹೊಳೆಯಲಿಲ್ಲ.

ಇವತ್ತು ಹನ್ನೊಂದು ಗಂಟೆಗೆ ವಾಟ್ಸಾಪಿನಲ್ಲಿ ಫೋಟೋ. ಟಿವಿಎಸ್ ಎಕ್ಸೆಲ್ಲಿನ ಮುಂದುಗಡೆ ಕುಂಡ ಕೂರಿಸಿ, ಹಳೇ ಟ್ಯೂಬಿನ ರಬ್ಬರಿನಲ್ಲಿ ಬಿಗಿದಿದ್ದಾರೆ. ಒಂದೂವರೆ ಅಡಿ ಗಿಡ. ಅಲ್ಲಾಡದಿರಲಿ ಅಂತ ಪಕ್ಕದಲ್ಲಿ ಒಂದು ಬಿದಿರು ಕಡ್ಡಿ. ಗಿಡವನ್ನು ಕಡ್ಡಿಗೆ ಕಟ್ಟಿರೋದು ಬಾಳೆ ನಾರಿನಲ್ಲಿ. ಹೂ ಕಟ್ಟೋ ನಾರೇ. ಹೂ ಕಟ್ಟುವಾಗ ಹಾಕೋ ಅದೇ ಗಂಟು. ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದೆ. ಕಣ್ಣು ಉರೀತಾ ಇತ್ತು, ಡ್ರಾಪ್ಸ್ ಹಾಕೋ ಹೊತ್ತಾಗಿತ್ತು, ಆದರೂ ನೋಡಿದೆ.

ಆಮೇಲೆ ಸಂಜೆವರೆಗೂ ಅತ್ತೆಯಿಂದ ಸುದ್ದಿಯೇ ಇಲ್ಲ. ನಾನಾಗಿ ಮಾಡೋಕೆ ಧೈರ್ಯ ಬರಲಿಲ್ಲ. ಮಲ್ಲಿಗೆ ಗಿಡ ನೋಡಿ ಏನಂದುಕೊಂಡರೋ. ಬೇಕಂತಲೇ ಕಳಿಸಿದ್ದೀನಿ ಅಂದುಕೊಂಡರಾ. ತಟ್ಟೆಯ ವಿಷಯ ನೆನಪಾಯಿತಾ. ದಾಸವಾಳವೋ ಕರಿಬೇವೋ ಹೇಳಿದ್ದರೆ ಆಗ್ತಿತ್ತು ಅಂತ ಹತ್ತು ಸಲ ಅನ್ನಿಸಿತು.

ಆರೂವರೆಗೆ ಈ ಬೈಗುಳ. ಮಣ್ಣಿನಿಂದ ಶುರುವಾಗಿದ್ದು ದುಡ್ಡಿಗೆ ಬಂತು. "ಎಷ್ಟು ಕೊಟ್ಟೆ?" ಮುನ್ನೂರ ಐವತ್ತು ಅಂದೆ. "ಅಯ್ಯೋ ಹಾಳಾಗ. ಮುನ್ನೂರ ಐವತ್ತಕ್ಕೆ ಸಂತೇಲಿ ನಾಲ್ಕು ಗಿಡ ಬರ್ತಿತ್ತು." ಕುಂಡ ಎಲ್ಲಿಟ್ಟಿದ್ದೀರಿ ಅಂತ ಕೇಳಿದೆ. ಹಿತ್ತಲಲ್ಲಿ, ಒಗೆಯೋ ಕಲ್ಲಿನ ಪಕ್ಕ. ಹುಡುಗನ ಕೈಲಿ ಮೂರು ಸಲ ಜಾಗ ಬದಲಾಯಿಸಿದರಂತೆ. ಪಾಪ.

"ಯಾವ ಮಲ್ಲಿಗೆ ಅಂತ ಹೇಳಿ ಕೊಟ್ಟ ಅವನು?"

"ದುಂಡು ಮಲ್ಲಿಗೆ ಅಂದ ಅತ್ತೆ."

"ಏನು ದುಂಡು ಮಲ್ಲಿಗೆ! ಅದರ ಎಲೆ ನುಣ್ಣಗೆ ಮಿರಿಮಿರಿ ಅನ್ಬೇಕು. ಇದು ಸವರಿದ್ರೆ ನವುರಾಗಿ ತುಪ್ಪಳ ಸಿಗ್ತಿದೆ. ಒಂದೇ ಕಣ್ಣಲ್ಲಿ ನೋಡಿದ್ರೂ ಗೊತ್ತಾಗುತ್ತೆ, ಇದು ಕಾಕಡ ಕಣೇ. ಕಾಕಡಕ್ಕೆ ವಾಸನೆ ಎಲ್ಲಿಂದ ಬರ್ಬೇಕು? ನಿನಗೆ ಚೆನ್ನಾಗಿ ಟೋಪಿ ಹಾಕಿದ್ದಾನೆ. ಇಪ್ಪತ್ತು ವರ್ಷ ಮೊಳದಲ್ಲಿ ಮೋಸ ಮಾಡಿದ್ದು ಸಾಲಲಿಲ್ಲ ಅವನಿಗೆ. ನೀನು ಸುಮ್ನಿರು, ಫೋನ್ ಗೀನ್ ಮಾಡಬೇಡ. ನಾಳೆ ನಾನೇ ಹೋಗಿ ಕೇಳ್ತೀನಿ."

"ಅತ್ತೆ, ಧೂಳಿಗೆ ಹೋಗಬೇಡಿ ಅಂದಿದ್ದಾರೆ ಅಂದ್ರಲ್ಲ..."

"ಕಪ್ಪು ಕನ್ನಡಕ ಕೊಟ್ಟಿದ್ದಾರೆ."

ಇಟ್ಟುಬಿಟ್ಟರು.

ನಾಳೆ ಆಷಾಢದ ಮೂರನೇ ಶುಕ್ರವಾರ. ಇಲ್ಲಿ ಬೆಟ್ಟಕ್ಕೆ ಈಗಲೇ ಜನ ಹೊರಟಿರುತ್ತಾರೆ. ಅಲ್ಲಿ ಅವನ ಅಂಗಡಿ ಮುಂದೂ ಜನ ಇರುತ್ತಾರೆ, ಬೆಳಿಗ್ಗೆ ಆರರಿಂದಲೇ. ಆ ಗುಂಪಿನ ಮಧ್ಯೆ ಅತ್ತೆ, ಕಪ್ಪು ಕನ್ನಡಕ. ಅವನಿಗೆ ಈಗಲೇ ಒಂದು ಮೆಸೇಜ್ ಹಾಕಿ ಹೇಳಿಡಲಾ ಅಂತ ಫೋನ್ ತಗೊಂಡು ಅರ್ಧ ಗಂಟೆಯಾಯಿತು. ಹೇಳಿದರೆ ಬೆಳಿಗ್ಗೇನೇ ಹುಡುಗನನ್ನ ಕಳಿಸಿ ಗಿಡ ಬದಲಾಯಿಸಿಕೊಟ್ಟುಬಿಡ್ತಾನೆ, ಅತ್ತೆ ಹೋಗೋದೇ ಬೇಡ ಆಗುತ್ತೆ. ಹೇಳದೇ ಇದ್ದರೆ ಪಾಪ ಜನರ ಮುಂದೆ ಅವನಿಗೆ