ತಾಳೆ ನೋಡಿದ್ಯಾ?

ಲೆಕ್ಕ ಅಂದರೆ ನನಗೆ ಭಯವಿರಲಿಲ್ಲ. ಲೆಕ್ಕದೊಳಗೆ ಕನ್ನಡ ಬಂದರೆ ಭಯ. ಸಮೀಕರಣ ಕೊಟ್ಟು ಬಿಡಿಸು ಅಂದರೆ ಸರಸರ ಬಿಡಿಸುತ್ತಿದ್ದೆ. 'ಒಂದು ಸಂಖ್ಯೆಯು ಇನ್ನೊಂದರ ಮೂರರಷ್ಟಕ್ಕಿಂತ 5 ಕಡಿಮೆ' ಅಂತ ಶುರುವಾದರೆ ಪೆನ್ನು ಅಲ್ಲೇ ನಿಲ್ಲುತ್ತಿತ್ತು.

ನಮ್ಮ ಲೆಕ್ಕದ ಮೇಷ್ಟ್ರು ಬೋರ್ಡಿನ ಮೇಲೆ ಎಕ್ಸ್ ಅನ್ನು ಬಿಳಿ ಸೀಮೆಸುಣ್ಣದಲ್ಲಿ, ವೈ ಅನ್ನು ಹಳದಿಯಲ್ಲಿ ಬರೆಯುತ್ತಿದ್ದರು. ಹಿಂದಿನವರಿಗೂ ಬಣ್ಣವೇ ಬೇಕಿತ್ತು ಅನ್ನುತ್ತಿದ್ದರು. ಭಾಸ್ಕರಾಚಾರ್ಯರು 1150ರ ಸುಮಾರಿಗೆ ಬರೆದ 'ಬೀಜಗಣಿತ'ದಲ್ಲಿ ಗೊತ್ತಿಲ್ಲದ ಮೊದಲ ಸಂಖ್ಯೆಗೆ 'ಯಾವತ್ ತಾವತ್' ಅಂತ ಹೆಸರು. ಎಷ್ಟಿದೆಯೋ ಅಷ್ಟು. ಎರಡನೆಯದು ಕಾಲಕ, ಮೂರನೆಯದು ನೀಲಕ; ಕಪ್ಪು, ನೀಲಿ, ಹೀಗೆ ಬಣ್ಣಗಳು. ನನಗೆ ಎಕ್ಸ್‌ಗಿಂತ ಈ 'ಎಷ್ಟಿದೆಯೋ ಅಷ್ಟು' ಜಾಸ್ತಿ ಹಿಡಿಸಿತು. ಡಬ್ಬದಲ್ಲಿ ಉಳಿದ ಅಕ್ಕಿಗೆ ನಮ್ಮಜ್ಜಿ ಹೇಳುತ್ತಿದ್ದ ಮಾತಿನ ಹಾಗಿತ್ತು.

ಹತ್ತನೇ ಕ್ಲಾಸಿನ ಒಂದು ಲೆಕ್ಕ ಇನ್ನೂ ಮರೆತಿಲ್ಲ. ಎರಡು ಅಂಕಿಗಳ ಒಂದು ಸಂಖ್ಯೆ. ಅಂಕಿಗಳ ಮೊತ್ತ 9. ಅಂಕಿ ಅದಲುಬದಲು ಮಾಡಿದರೆ ಬರುವ ಸಂಖ್ಯೆ ಮೊದಲಿನದಕ್ಕಿಂತ 27 ಹೆಚ್ಚು. ಹತ್ತರ ಸ್ಥಾನದಲ್ಲಿ ಎಕ್ಸ್, ಬಿಡಿ ಸ್ಥಾನದಲ್ಲಿ ವೈ; ಸಂಖ್ಯೆ ಹತ್ತು ಎಕ್ಸ್ ಪ್ಲಸ್ ವೈ. ಅಲ್ಲಿವರೆಗೂ ಸರಿ. ಆಮೇಲೆ 27 ಅನ್ನು ತಪ್ಪು ಪಕ್ಕಕ್ಕೆ ಸೇರಿಸಿದೆ. ಉತ್ತರ 63 ಬಂತು.

"ತಾಳೆ ನೋಡಿದ್ಯಾ?" ಅಂದರು ಮೇಷ್ಟ್ರು.

"ನೋಡಿದೆ ಸಾರ್, ಎರಡೂ ಪಕ್ಕ ಸಮ."

"ಸಮೀಕರಣ ಬರೆದಿದ್ದು ನೀನೇ ಕಣೋ. ಅದು ನೀನು ಹೇಳಿದ ಹಾಗೆ ಕೇಳುತ್ತೆ. ಪುಸ್ತಕದ ವಾಕ್ಯಕ್ಕೆ ಹಾಕಿ ನೋಡು."

ಹಾಕಿದೆ. 63 ತಿರುಗಿಸಿದರೆ 36. ಹೆಚ್ಚೆಲ್ಲಿ, 27 ಕಡಿಮೆಯೇ ಆಗಿತ್ತು! ನನ್ನ ನೋಟ್‌ಬುಕ್ಕಿನಲ್ಲಿ ಕೆಂಪು ಇಂಕಿನಲ್ಲಿ 'ಮತ್ತೆ ಓದು' ಅಂತ ಬರೆದರು. 'ಮತ್ತೆ ಮಾಡು' ಅಂತಲ್ಲ.

ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಎಕ್ಸ್ ಗೋಜಿಗೇ ಹೋಗಿರಲಿಲ್ಲ. ಪುಸ್ತಕದ ಹಿಂದಿನ ಹಾಳೆಯಲ್ಲಿ ಸುಮ್ನೆ 18, 27, 36, 45 ಅಂತ ಬರೆದು, ಒಂದೊಂದನ್ನೂ ತಿರುಗಿಸಿ ಕಳೆದಿದ್ದ. ಮೂರನೆಯದಕ್ಕೇ 27 ಸಿಕ್ಕಿತ್ತು. ಮೇಷ್ಟ್ರು ನೋಡಿ ನಕ್ಕರು. "ಇದೂ ಲೆಕ್ಕಾನೇ. ಆದ್ರೆ ಪರೀಕ್ಷೇಲಿ ಹಂತಕ್ಕೆ ಅಂಕ ಕೊಡ್ತಾರಪ್ಪ, ಎಕ್ಸ್ ಬರಿ" ಅಂದರು.

ಅವನು ಈಗ ಊರಲ್ಲೇ ಕಿರಾಣಿ ಅಂಗಡಿ ಇಟ್ಟಿದ್ದಾನೆ. ಹೋದ ಸಲ ಸಾಮಾನು ಕಟ್ಟಿಸಿಕೊಂಡು ಚೀಟಿ ಜೇಬಿಗಿಳಿಸಲು ಹೋದೆ. ತಡೆದು ನಿಲ್ಲಿಸಿದ.

"ತಾಳೆ ನೋಡಿದ್ಯಾ?"