ಮನೆಯಲ್ಲೇ ಕೂತು ಪರಿಸರಕ್ಕೆ ಏನು ಮಾಡಿದ್ರಿ?

ಕಸದ ಬಗ್ಗೆ ಮಾತಾಡಲು ಎಲ್ಲಿಗೇ ಹೋದರೂ ಯಾರಾದರೊಬ್ಬರು ಇದನ್ನು ಕೇಳೇ ಕೇಳುತ್ತಾರೆ. 'ಕೊರೊನಾ ಬಂದು ಎಲ್ಲರೂ ಮನೆ ಸೇರಿದಾಗ ನಿಮ್ಮ ಕೆಲಸ ಏನಾಯ್ತು? ನಾಲ್ಕು ಗೋಡೆ ಮಧ್ಯೆ ಕೂತು ಪರಿಸರಕ್ಕೆ ಏನು ತಾನೇ ಮಾಡೋಕಾಗುತ್ತೆ?' ಕೇಳುವವರಲ್ಲಿ ಕೆಲವರು ಈಗಲೂ ಮನೆ ಬಿಟ್ಟು ಹೊರಡಲಾರದವರು. ಎಳೇ ಮಗು ಇರುತ್ತೆ, ಹಾಸಿಗೆ ಹಿಡಿದ ಅತ್ತೆ ಇರುತ್ತಾರೆ. ಅವರನ್ನು ನೆನೆದು ಉತ್ತರ ಬರೆಯುತ್ತಿದ್ದೇನೆ.

2020ರ ಮಾರ್ಚ್‌ವರೆಗೆ ಭಾನುವಾರ ಬೆಳಿಗ್ಗೆ ಅಂದರೆ ನನಗೆ ಕೆರೆ. ಬೆಂಗಳೂರಿನ ನಮ್ಮ ಬಡಾವಣೆಯ ಕೆರೆ ಏರಿಯ ಮೇಲೆ ಹತ್ತು ಹದಿನೈದು ಜನ ಸೇರಿ ಪ್ಲಾಸ್ಟಿಕ್ ಆರಿಸುತ್ತಿದ್ದೆವು. ಮಾರ್ಚ್ 25ರಿಂದ ಲಾಕ್‌ಡೌನ್. ಕೈ ಕಟ್ಟಿ ಕೂರಿಸಿದ ಹಾಗಾಯಿತು.

ಆ ದಿನಗಳಲ್ಲಿ ಫೋನ್ ತುಂಬ ಒಂದೇ ಮಾತು, ಪ್ರಕೃತಿ ಚೇತರಿಸಿಕೊಳ್ಳುತ್ತಿದೆ ಅಂತ. ವೆನಿಸ್‌ನ ಕಾಲುವೆಗೆ ಡಾಲ್ಫಿನ್ ಬಂದಿವೆ ಅನ್ನುವ ವಿಡಿಯೊ ನನಗೇ ಐದಾರು ಜನ ಕಳಿಸಿದರು. ಅದು ಸಾರ್ಡಿನಿಯಾ ದ್ವೀಪದ ಬಂದರಿನಲ್ಲಿ ತೆಗೆದದ್ದು ಅಂತ ಆಮೇಲೆ ಗೊತ್ತಾಯಿತು. ಆಕಾಶ ತಿಳಿಯಾಗಿದ್ದು ನಿಜ. ಆದರೆ ಅದೇ ಆಕಾಶದ ಕೆಳಗೆ ಕೂಲಿ ಕಳೆದುಕೊಂಡವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಊರ ಕಡೆ ನಡೆಯುತ್ತಿದ್ದರು. ಅದನ್ನು ನೋಡಿಯೂ ಖುಷಿಪಡಲು ನನ್ನಿಂದ ಆಗಲಿಲ್ಲ. ಜಗತ್ತೇ ಬಾಗಿಲು ಹಾಕಿದ ಆ ವರ್ಷ ಇಂಧನ ಸುಡುವುದರಿಂದ ಬರುವ ಇಂಗಾಲದ ಡೈಆಕ್ಸೈಡ್ ಇಳಿದದ್ದು ಸುಮಾರು ಶೇ 5ರಷ್ಟು. ಮರುವರ್ಷ ಅದು ಹೆಚ್ಚುಕಮ್ಮಿ ಮೊದಲಿನಷ್ಟೇ ಆಯಿತು. ನಾವು ಸುಮ್ನೆ ಕೂತರೆ ಭೂಮಿ ತಾನಾಗಿ ಸರಿಹೋಗುತ್ತೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಮನೆಯಲ್ಲಿದ್ದಾಗ ನನ್ನ ಕಣ್ಣಿಗೆ ಬಿದ್ದದ್ದು ನಮ್ಮದೇ ಅಡುಗೆಮನೆಯ ಬಕೆಟ್. ಮೂರು ಹೊತ್ತೂ ಮನೆಯಲ್ಲೇ ಊಟ ತಿಂಡಿ, ಬಕೆಟ್ ಬೇಗ ಬೇಗ ತುಂಬುತ್ತಿತ್ತು. ಕೆರೆ ಹತ್ತಿರ ಊರ ಕಸವನ್ನೆಲ್ಲ ಆರಿಸಿದ್ದೆ. ನಮ್ಮ ಮನೆಯದನ್ನು ಮಾತ್ರ ಹಸಿ ಬೇರೆ, ಒಣ ಬೇರೆ ಮಾಡಿ ಗಾಡಿಗೆ ಕೊಟ್ಟು ಮರೆತುಬಿಡುತ್ತಿದ್ದೆ. ಗಾಡಿ ಎಲ್ಲಿಗೆ ಹೋಗುತ್ತೆ ಅಂತ ಮಂಡೂರಿನವರನ್ನು ಕೇಳಬೇಕು. ವರ್ಷಗಟ್ಟಲೆ ಬೆಂಗಳೂರಿನ ಬಕೆಟ್‌ಗಳು ಖಾಲಿಯಾದದ್ದು ಅವರ ಊರಿನ ಪಕ್ಕ. ಅವರು ಬೀದಿಗಿಳಿದ ಮೇಲೆ, 2014ರ ಡಿಸೆಂಬರ್ 1ರಿಂದ, ಅಲ್ಲಿ ಸುರಿಯುವುದು ನಿಂತಿತು. ಅದಕ್ಕೂ ಮೊದಲು ಮಾವಳ್ಳಿಪುರದಲ್ಲೂ ಇದೇ ಗೋಳು. ಹಸಿ ಕಸ ಗುಡ್ಡೆಯಾಗಿ ಬಿದ್ದರೆ ಒಳಗೆ ಗಾಳಿಯಾಡದೆ ಕೊಳೆತು, ಭೂಮಿಯನ್ನು ಬಿಸಿ ಮಾಡುವ ಮಿಥೇನ್ ಅನಿಲ ಬರುತ್ತೆ. ಅದರಿಂದ ಇಳಿಯುವ ಕಪ್ಪು ನೀರು ಅಲ್ಲಿನವರ ಬಾವಿ, ಬೋರ್‌ವೆಲ್ ಸೇರುತ್ತೆ. ಅದೇ ಕಸ ಗಾಳಿಯಾಡುತ್ತಾ ಕೊಳೆತರೆ ಗೊಬ್ಬರ.

ಹಳೇ ಪೇಂಟ್ ಬಕೆಟ್‌ಗೆ ಸುತ್ತಲೂ ತೂತು ಕೊರೆದು ಬಾಲ್ಕನಿಯಲ್ಲಿಟ್ಟೆ. ತಳಕ್ಕೆ ಒಣ ಎಲೆ, ಅದರ ಮೇಲೆ ತರಕಾರಿ ಸಿಪ್ಪೆ, ಮೊಸರಿಗೆ ಹೆಪ್ಪು ಹಾಕಿದ ಹಾಗೆ ಒಂದು ಲೋಟ ಹುಳಿ ಮಜ್ಜಿಗೆ. ಹತ್ತನೇ ದಿನಕ್ಕೆ ಮೂಗು ಮುಚ್ಚಿಕೊಳ್ಳುವಂತಾಯಿತು. ಬಿಳಿ ಹುಳಗಳು ಬಕೆಟ್ ಹತ್ತಿ ಹೊರಗೆ ಬಂದವು. ಕೆಳಗಿನ ಮನೆಯ ಆಂಟಿ ಫೋನ್ ಮಾಡಿ, 'ಕಾಯಿಲೆ ಕಾಲದಲ್ಲಿ ಇದೆಲ್ಲ ಯಾಕಮ್ಮಾ?' ಅಂದರು. ಆ ದಿನಗಳಲ್ಲಿ ಅವರು ಹೆದರಿದ್ದು ಸಹಜ. ಹಿತ್ತಿಲ ತಿಪ್ಪೆ ನೋಡಿ ಬೆಳೆದ ನಮ್ಮಮ್ಮ ಬಂದು ಬಕೆಟ್‌ಗೆ ಕೈ ಹಾಕಿ, ಒಂದು ಹಿಡಿ ತೆಗೆದು ಹಿಂಡಿದರು. ನೀರು ತೊಟ್ಟಿಕ್ಕಿತು. 'ತೇವ ಜಾಸ್ತಿ ಆಗಿದೆ ಕಣೇ. ಎಲೆ ಸಾಲ್ದು' ಅಂದರು.

ಆಮೇಲೆ ಓದಿದಾಗ ಅಮ್ಮನ ಮಾತಿನ ಹಿಂದಿನ ಲೆಕ್ಕ ತಿಳಿಯಿತು. ಸಿಪ್ಪೆ, ಮಿಕ್ಕ ಅನ್ನದಲ್ಲಿ ನೀರು ಮತ್ತು ಸಾರಜನಕ ಜಾಸ್ತಿ. ಒಣ ಎಲೆಯಲ್ಲಿ ಇಂಗಾಲ ಜಾಸ್ತಿ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಮನೆಯಲ್ಲಿ ಇದನ್ನು ತೂಗಿ ನೋಡಬೇಕಾಗಿಲ್ಲ. ಒಂದು ಬಟ್ಟಲು ಹಸಿ ಕಸಕ್ಕೆ ಎರಡು ಬಟ್ಟಲು ಒಣ ಎಲೆ ಹಾಕಿ. ಎರಡು ಮೂರು ದಿನಕ್ಕೊಮ್ಮೆ ಕೆದಕಿ. ಹಿಡಿದು ಹಿಂಡಿದರೆ ಅಂಗೈ ಒದ್ದೆಯಾಗಬೇಕು, ನೀರು ಸುರಿಯಬಾರದು. ಆಗ ಅಂಗಡಿಗಳು ಮುಚ್ಚಿದ್ದರಿಂದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸಿಗುತ್ತಿರಲಿಲ್ಲ. ಹಾಲಿಗೆ ಹೋದಾಗ ಹೊಂಗೆ ಮರದ ಕೆಳಗೆ ಬಿದ್ದ ಎಲೆಗಳನ್ನು ಚೀಲಕ್ಕೆ ತುಂಬಿಕೊಂಡು ಬರುತ್ತಿದ್ದೆ. ಎಲೆ ಇಲ್ಲದ ದಿನ ಹಳೇ ಪೇಪರ್ ಹರಿದು ಹಾಕುತ್ತಿದ್ದೆ. ವಾಸನೆ ನಿಂತಿತು. ಜೂನ್ ಕೊನೆಗೆ ಬಕೆಟ್ ತೆರೆದರೆ ಮಳೆ ಬಿದ್ದ ಮಣ್ಣಿನ ವಾಸನೆ! ಕೆಳಗಿನ ಮನೆಯ ಆಂಟಿಯ ತುಳಸಿ ಕುಂಡಕ್ಕೂ ಒಂದು ಡಬ್ಬ ಹೋಯಿತು.

ಒಂದು ಬೆಳಿಗ್ಗೆ ಬಾಲ್ಕನಿಯಿಂದ ಕೆಳಗೆ ನೋಡಿದೆ. ಕಸದ ಗಾಡಿಯ ಹತ್ತಿರ ನಿಂತಿದ್ದ ಅಕ್ಕ ನಮ್ಮ ಕಟ್ಟಡದ ಒಂದು ಚೀಲ ಬಿಚ್ಚಿ, ಅನ್ನ ಸಾರಿನ ಮಧ್ಯದಿಂದ ಬಳಸಿದ ಮಾಸ್ಕ್‌ಗಳನ್ನು ಬರಿಗೈಯಲ್ಲಿ ತೆಗೆಯುತ್ತಿದ್ದರು. ಇಳಿದು ಹೋಗಿ ಕೇಳಿದೆ. 'ಏನ್ ಮಾಡೋದಮ್ಮಾ, ಬೇರೆ ಮಾಡದೆ ಹೋದ್ರೆ ಅಲ್ಲಿ ಗಾಡಿ ವಾಪಸ್ ಕಳಿಸ್ತಾರೆ' ಅಂದರು. ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ ದಿನವೂ ಹೊರಗೆ ಬಂದವರಲ್ಲಿ ಅವರೂ ಒಬ್ಬರು. ಬಳಸಿದ ಮಾಸ್ಕನ್ನು ಕತ್ತರಿಸಿ, ಪೇಪರ್ ಚೀಲದಲ್ಲಿ ಕನಿಷ್ಠ 72 ಗಂಟೆ ಇಟ್ಟು ಆಮೇಲೆ ಕಸಕ್ಕೆ ಕೊಡಿ ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳಿತ್ತು. ಅದನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ಲಿಫ್ಟ್ ಒಳಗೆ ಅಂಟಿಸಿದೆ. ಕೇಳದವರ ಮನೆಗೆ ಫೋನ್ ಮಾಡಿದೆ. ಇಬ್ಬರು ಮಾತು ಬಿಟ್ಟರು. ಉಳಿದವರು ಬೇರೆ ಮಾಡತೊಡಗಿದರು.

ಇನ್ನು ಮನೆಯಿಂದ ಮಾಡಿದ್ದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಒಂದು ಕಾಗದ.

ಆ ವರ್ಷ ಕೇಂದ್ರ ಪರಿಸರ ಸಚಿವಾಲಯ ಇಐಎ (ಪರಿಸರ ಪರಿಣಾಮ ಮೌಲ್ಯಮಾಪನ) 2020 ಎಂಬ ಕರಡು ಅಧಿಸೂಚನೆ ತಂದಿತ್ತು. ಗಣಿ, ಅಣೆಕಟ್ಟು, ಕಾರ್ಖಾನೆ ಬರುವ ಮುಂಚೆ ಪರಿಸರಕ್ಕೆ ಏನಾಗುತ್ತೆ ಅಂತ ಅಳೆಯಬೇಕಲ್ವಾ, ಆ ನಿಯಮಗಳನ್ನೇ ಬದಲಿಸುವ ಕರಡು. ಊರಿನವರ ಮಾತು ಕೇಳುವ ಸಾರ್ವಜನಿಕ ಅಹವಾಲಿಗೆ ಮುಂಚೆ ಕೊಡುವ ನೋಟಿಸ್ ಅವಧಿ 30 ದಿನದಿಂದ 20ಕ್ಕೆ ಇಳಿಯುತ್ತಿತ್ತು. ಅನುಮತಿ ಇಲ್ಲದೆ ಶುರು ಮಾಡಿದವರಿಗೆ ಆಮೇಲೆ ಅನುಮತಿ ಪಡೆಯುವ ದಾರಿಯೂ ಇತ್ತು. ಇದೆಲ್ಲ ಇದ್ದದ್ದು ಇಂಗ್ಲಿಷ್, ಹಿಂದಿಯಲ್ಲಿ. ಜೂನ್ 30ರಂದು ದೆಹಲಿ ಹೈಕೋರ್ಟ್, ಸಂವಿಧಾನದ ಎಂಟನೇ ಪರಿಚ್ಛೇದದ ಎಲ್ಲ ಭಾಷೆಗಳಿಗೂ ಇದನ್ನು ಅನುವಾದಿಸಬೇಕು ಅಂತ ಹೇಳಿ, ಅಭಿಪ್ರಾಯ ಕಳಿಸುವ ಗಡುವನ್ನು ಆಗಸ್ಟ್ 11ಕ್ಕೆ ಮುಂದಕ್ಕೆ ಹಾಕಿತು. ಆಗಸ್ಟ್ ಮೊದಲ ವಾರದಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಇದೇ ಭಾಷೆಯ ಪ್ರಶ್ನೆ ಎತ್ತಿ, ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆ ಕೊಟ್ಟಿತು.

ನಾವು ಕೆರೆ ಗೆಳೆಯರು ಕರಡನ್ನು ಹಂಚಿಕೊಂಡು ಓದಿ, ಮುಖ್ಯ ಮಾತುಗಳನ್ನು ಕನ್ನಡದಲ್ಲಿ ಎರಡು ಪುಟ ಮಾಡಿದೆವು. ಚಿಕ್ಕಬಳ್ಳಾಪುರದ ಕಡೆ ನಮ್ಮ ಚಿಕ್ಕಪ್ಪನ ಊರ ಪಕ್ಕ ಕಲ್ಲು ಕ್ವಾರಿಗಳಿವೆ. ಅವರಿಗೆ ಫೋನಲ್ಲೇ ಓದಿ ಹೇಳಿದೆ. 20 ದಿನದ ಮಾತು ಬಂದಾಗ ತಡೆದರು. 'ನೋಟಿಸ್ ಹಾಕಿದ್ದು ನಮ್ಮ ಕಿವಿಗೆ ಬೀಳೋದೇ ಹದಿನೈದನೇ ದಿನಕ್ಕೆ ಕಣಮ್ಮ. ಉಳಿದ ಐದು ದಿನದಲ್ಲಿ ಹೊಲ ನೋಡ್ಲಾ, ಅರ್ಜಿ ಬರೀಲಾ?' ಅಂದರು. ಈ ಮಾತು ನಮ್ಮ ಎರಡು ಪುಟದಲ್ಲಿ ಇರಲಿಲ್ಲ. ಅದನ್ನೇ ಅವರ ಕೈಯಲ್ಲಿ ಬರೆಸಿದೆ. ಊರಿನ ಒಂಬತ್ತು ಜನ ಸಹಿ ಹಾಕಿದರು. ಅದರ ಫೋಟೊವನ್ನು ಆಗಸ್ಟ್ 10ರ ರಾತ್ರಿ ಸಚಿವಾಲಯಕ್ಕೆ ಇಮೇಲ್ ಮಾಡಿದೆ. ದೇಶದಾದ್ಯಂತ ಹಾಗೆ ಹೋದ ಪತ್ರಗಳು 10 ಲಕ್ಷಕ್ಕೂ ಹೆಚ್ಚು. ಬಹಳಷ್ಟು ಜನ ಬರೆದದ್ದು ನನ್ನ ಹಾಗೆ ಮನೆಯಲ್ಲೇ ಕೂತು.

ಈಗಲೂ ಮನೆಯಿಂದ ಇದನ್ನು ಮಾಡಬಹುದು. ನಿಮ್ಮ ಜಿಲ್ಲೆಯಲ್ಲಿ ಯಾವ ಯೋಜನೆ ಪರಿಸರ ಅನುಮತಿ ಕೇಳಿದೆ ಅಂತ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ಸಿಗುತ್ತೆ. ಓದಿ, ಊರಲ್ಲಿರುವವರಿಗೆ ಫೋನ್ ಮಾಡಿ ಹೇಳಿ.

ಆ ಕರಡು ಅಂತಿಮ ಅಧಿಸೂಚನೆಯಾಗಲಿಲ್ಲ. ಹಾಗಂತ ಗೆದ್ದೆವು ಅನ್ನುವಂತಿಲ್ಲ. ಅನುಮತಿ ಇಲ್ಲದೆ ಶುರುವಾದ ಯೋಜನೆಗಳಿಗೆ ದಾರಿ ಮಾಡಿಕೊಡುವ ಕ್ರಮವನ್ನು 2021ರ ಜುಲೈನಲ್ಲಿ ಸಚಿವಾಲಯ ಬೇರೆ ಆದೇಶದಲ್ಲಿ ತಂದಿತು. ಚಿಕ್ಕಪ್ಪನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, 'ಪೆನ್ನು ತಗೋತೀನಿ ಇರು. ಇದಕ್ಕೆ ಯಾರಿಗೆ ಬರೀಬೇಕು ಹೇಳು' ಅಂದರು.